ರಿವರ್ಸ್ ಬಾರದ ಡ್ರೈವರ್

ಎಂಟು ಸೀಜನ್ನು ಟ್ರ್ಯಾಕ್ಟರಿಗೆ ಜೋಡಿ ಟ್ರೇಲರ್ ಕಟ್ಟಿಕೊಂಡು ಫ್ಯಾಕ್ಟರಿಗೆ ಕಬ್ಬು ಸಾಗಿಸಿದವನಿಗೆ ರಿವರ್ಸ್ ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ತೃಪ್ತಿಯೂ ನಂಬಿರಲಿಲ್ಲ. ಮಂಗಸೂಳಿಯ ಸಮ್ಮೇದ ಅಥಣಿಯಲ್ಲಿ ಅವಳು ನಡೆಸುವ ಡ್ರೈವಿಂಗ್ ಸ್ಕೂಲಿಗೆ ಬಂದದ್ದೇ, ಕ್ಲಾಸು ಬೇಡ, ಹೆವಿ ಲೈಸೆನ್ಸಿನ ಟೆಸ್ಟಿಗೆ ಒಂದು ತಾರೀಖು ಕೊಡಿಸಿದರೆ ಸಾಕು ಎಂದು.

"ಮೀಸಿ ಬರೂಕಿಂತ ಮೊದಲ ಸ್ಟೇರಿಂಗ್ ಹಿಡದೀನ್ರಿ ಮೇಡಂ. ನನಗೇನ ಕಲಸ್ತೀರಿ?"

"ಕಲಸೂದೇನಿಲ್ಲ ಬಿಡ್ರಿ. ಆ ಎರಡ ಡ್ರಮ್ಮಿನ ನಡುವ ಹಿಂದ ತಗೊಂಡ ನಿಲ್ಲಸ್ರಿ, ನೋಡೂಣು," ಎಂದು ತೃಪ್ತಿ ಟ್ರೇಲರ್ ಹಚ್ಚಿದ ಲಾರಿಯ ಕೀಲಿ ಕೊಟ್ಟಳು.

ಹದಿನೈದು ಅಡಿ ಹೋಗುವಷ್ಟರಲ್ಲಿ ಹಿಂದಿನ ಟ್ರೇಲರು ಮಡಚಿಕೊಂಡು ಕ್ಯಾಬಿನ್ನಿನ ಮಗ್ಗುಲಿಗೇ ಬಂದು ನಿಂತಿತು. ಒಂದು ಡ್ರಮ್ಮು ಉರುಳಿ ಬೇಲಿ ಸೇರಿತು. ಸಮ್ಮೇದ ಇಳಿದು ಹೋಗಿ ಡ್ರಮ್ಮನ್ನು ತಾನೇ ಎತ್ತಿ ತಂದು, ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ, ಅದರ ಧೂಳನ್ನೂ ಒರೆಸಿದ. ಆಮೇಲೆ ತೃಪ್ತಿಯ ಕಡೆ ನೋಡದೆ ಕೇಳಿದ.

"ಕ್ಲಾಸ್ ಎಷ್ಟಕ್ಕ ಚಾಲೂ ಆಗ್ತಾವ್ರಿ?"

ಪಾಪ, ತಪ್ಪು ಅವನದಲ್ಲ. ಈ ಸೀಮೆಯಲ್ಲಿ ಕಬ್ಬಿನ ಗಾಡಿ ಹಿಂದಕ್ಕೆ ಹೋಗುವುದೇ ಇಲ್ಲ. ಫ್ಯಾಕ್ಟರಿಯಲ್ಲಿ ಒಂದು ಗೇಟಿನಿಂದ ಒಳಗೆ, ಇನ್ನೊಂದರಿಂದ ಹೊರಗೆ. ಹೊಲದ ದಾರಿಯಲ್ಲಿ ಸಿಕ್ಕಿಕೊಂಡರೆ ಟ್ರೇಲರಿನ ಪಿನ್ನು ಕಿತ್ತು, ಕಬ್ಬು ಕಡಿಯುವ ಗ್ಯಾಂಗಿನ ಆರು ಜನ ಹೆಗಲು ಕೊಟ್ಟು ದಬ್ಬಿಬಿಡುತ್ತಾರೆ. ಹೀಗಾಗಿ ಎಂಟು ವರ್ಷ ಅವನಿಗೆ ಹಿಂದೆ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಈಗ ಬಂದಿತ್ತು. ಕಬ್ಬು ಐದು ತಿಂಗಳ ಕೆಲಸ. ಜಿನೇಂದ್ರ ಎನ್ನುವವರ ಕೋಲ್ಡ್ ಸ್ಟೋರೇಜಿನಿಂದ ಮುಂಬೈಗೆ ಒಣದ್ರಾಕ್ಷಿ ಒಯ್ಯುವ ಉದ್ದ ಟ್ರೇಲರಿಗೆ ಡ್ರೈವರ್ ಬೇಕಾಗಿದ್ದ. ವರ್ಷವಿಡೀ ಕೆಲಸ. ಲೈಸೆನ್ಸ್ ತಂದರೆ ಸೀಟು ನಿನ್ನದು ಎಂದು ಅವರು ಸಮ್ಮೇದನಿಗೆ ಹೇಳಿದ್ದರು.

ಅದೇ ಸ್ಟೋರೇಜಿನ ಮಾಲು ತುಂಬುವ ಕಟ್ಟೆಗೆ ತೃಪ್ತಿ ಇಪ್ಪತ್ತನೇ ವಯಸ್ಸಿನಿಂದ ಲಾರಿಯನ್ನು ರಿವರ್ಸಿನಲ್ಲಿ ತಂದು ಹಚ್ಚಿದವಳು. ಅಪ್ಪ ಬಾಹುಬಲಿಯ ಮೊಣಕಾಲು ಕೈಕೊಟ್ಟ ಮೇಲೆ ಲಾರಿಯೂ ಅವಳದೇ, ಸ್ಕೂಲೂ ಅವಳದೇ. ಅಪ್ಪ ಆಫೀಸಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ, ಕಿಟಕಿಯಿಂದ ಎಲ್ಲರ ತಪ್ಪು ಹಿಡಿಯುತ್ತಿದ್ದ.

"ಸ್ಟೇರಿಂಗ್ ಕೆಳಗ ಹಿಡೀರಿ," ಎಂದು ಅವಳು ಹೇಳಿಕೊಟ್ಟಳು. "ನಿಮ್ಮ ಕೈ ಎತ್ತಾಗ ಹೋಗ್ತೈತಿ, ಟ್ರೇಲರಿನ ಹಿಂಬದಿನೂ ಅತ್ತಾಗ ಹೋಗ್ತೈತಿ. ಮತ್ತ ಕನ್ನಡ್ಯಾಗ ಟ್ರೇಲರ್ ನೋಡ್ರಿ, ನನ್ನ ಬ್ಯಾಡ."

"ನೀವ ಟ್ರೇಲರಿನ ಹಿಂದನ ನಿಂತೀರಲ್ರಿ. ಟ್ರೇಲರ್ ನೋಡಿದ್ರ ನೀವೂ ಕಾಣ್ತೀರಿ."

ತೃಪ್ತಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಕನ್ನಡಿಯೊಳಗಿನ ಕಣ್ಣೂ ಅಷ್ಟೇ ಸರಿಯಿತು. ಟ್ರೇಲರು ಮತ್ತೆ ಮಡಚಿಕೊಂಡಿತು. ಅವಳು ಬೈಯಬೇಕೆಂದು ಬಾಯಿ ತೆರೆದವಳು, ನಗು ಬಂದಿದ್ದರಿಂದ ಬೆನ್ನು ತಿರುಗಿಸಿ ನಿಂತಳು.

ಎರಡನೇ ವಾರ ಒಂದು ಸಂಜೆ ಲಾರಿ ಕೆಸರಿನಲ್ಲಿ ಹೂತುಕೊಂಡು ಹೊತ್ತಾಯಿತು. ಇಬ್ಬರ ಮನೆಯಲ್ಲೂ ಹೊತ್ತು ಮುಳುಗುವ ಮೊದಲೇ ಊಟ; ಮುಳುಗಿದ ಮೇಲೆ ಜೈನರ ಮನೆಯಲ್ಲಿ ತಾಟು ಇಡುವುದಿಲ್ಲ. ಮಂಗಸೂಳಿ ಮುಟ್ಟುವಷ್ಟರಲ್ಲಿ ಕತ್ತಲಾಗುವುದು ಖಂಡಿತ. ಸಮ್ಮೇದ ಪಡುವಣ ದಿಕ್ಕು ನೋಡಿದ. ತೃಪ್ತಿ ತನ್ನ ಊಟದ ಡಬ್ಬಿ ತಂದು ಅವನ ಮುಂದೆ ಹಿಡಿದಳು.

"ನೀವು?"

"ನನ್ನ ಮನಿ ಎರಡ ಹೆಜ್ಜಿ ಐತಿ. ಲಗೂ ಉಣ್ರಿ, ಹೊತ್ತ ಹೊಂಟೈತಿ."

ಅವನು ನಿಂತಲ್ಲೇ ರೊಟ್ಟಿ ಮುರಿದ. ಒಂದು ತುತ್ತು, ಒಮ್ಮೆ ಸೂರ್ಯನ ಕಡೆ, ಒಂದು ತುತ್ತು, ಒಮ್ಮೆ ಅವಳ ಕಡೆ. ಕೊನೆಯ ರೊಟ್ಟಿಯನ್ನು ಅರ್ಧ ಮಾಡಿ ಅವಳ ಮುಂದೆ ಚಾಚಿದ. ಅವಳು ತೆಗೆದುಕೊಂಡಳು. ಇಪ್ಪತ್ತೆಂಟು ವರ್ಷ ಎಷ್ಟೋ ಸಂಜೆ ಗಡಿಬಿಡಿಯಲ್ಲಿ ಉಂಡಿದ್ದಳು. ಹೊತ್ತು ಇನ್ನೊಂದು ಗಳಿಗೆ ನಿಂತಿದ್ದರೆ ಚೆನ್ನಾಗಿತ್ತು ಎಂದು ಅನಿಸಿದ್ದು ಅವತ್ತೇ. ಅವನು ತನಗೆ ಬೇಕು ಎನ್ನುವುದು ಅವಳಿಗೆ ಅಲ್ಲಿಯೇ ಸ್ಪಷ್ಟವಾಯಿತು.

ಮೂರನೇ ವಾರದ ಕೊನೆಗೆ ಸಮ್ಮೇದ ಒಂದೇ ಏಟಿಗೆ ಟ್ರೇಲರನ್ನು ಡ್ರಮ್ಮುಗಳ ನಡುವೆ ತಂದು ನಿಲ್ಲಿಸಿದ. ಎರಡೂ ಕಡೆ ಒಂದೊಂದು ಗೇಣು ಜಾಗ. ಇಳಿದು ಬಂದು ಅವಳ ಮುಖ ನೋಡುತ್ತ ನಿಂತ.

ಟೆಸ್ಟಿಗೆ ಹೆಸರು ಬರೆದು ಕಳಿಸುವುದು ಅವಳ ಕೆಲಸ. ಬರೆದರೆ ಅವನು ಪಾಸಾಗುತ್ತಿದ್ದ. ಪಾಸಾದರೆ ನಾಳೆಯಿಂದ ಬರುತ್ತಿರಲಿಲ್ಲ.

"ಇನ್ನ ಆಗಿಲ್ರಿ," ಎಂದಳು ತೃಪ್ತಿ. "ಇದು ಅದೃಷ್ಟ. ಇನ್ನೊಂದ ವಾರ ನೋಡೂಣು."

ಅವನು ತಲೆಯಾಡಿಸಿದ. ಅವಳ ಮಾತೆಂದರೆ ಅವನಿಗೆ ಅಷ್ಟು ನಂಬಿಕೆ. ಮುಂದಿನ ವಾರವೂ ಇನ್ನೂ ಆಗಿಲ್ಲ ಎಂದಳು, ಅದರ ಮುಂದಿನ ವಾರವೂ. ಅವನು ಈಗ ಸ್ಟೇರಿಂಗ್ ಮುಟ್ಟುವಾಗ ಹೆದರುತ್ತಿದ್ದ. ಚೆನ್ನಾಗಿ ಬರುತ್ತಿದ್ದದ್ದೂ ನಿಜವಾಗಿ ಕೆಡತೊಡಗಿತ್ತು. ಕಿಟಕಿಯಿಂದ ಬಾಹುಬಲಿ ಎಲ್ಲ ನೋಡುತ್ತಿದ್ದ. ಮಗಳ ತಪ್ಪನ್ನು ಮಾತ್ರ ಹಿಡಿಯಲಿಲ್ಲ.

ಆರನೇ ವಾರ, ಮಂಗಳವಾರ, ಜಿನೇಂದ್ರರ ಫೋನು ಬಂತು. ಶುಕ್ರವಾರದೊಳಗೆ ಸಮ್ಮೇದ ಪಾಸಾಗದಿದ್ದರೆ ನಿಪ್ಪಾಣಿಯ ಶುಭಮ ಎನ್ನುವ ಡ್ರೈವರನ್ನು ತೆಗೆದುಕೊಳ್ಳುತ್ತೇನೆ ಎಂದರು. ತೃಪ್ತಿ ಫೋನಿಟ್ಟು ಹೊರಗೆ ಬಂದಾಗ ಸಮ್ಮೇದ ಲಾರಿ ಹತ್ತದೆ, ಡ್ರಮ್ಮಿಗೆ ಒರಗಿ ನಿಂತಿದ್ದ.

"ಮೇಡಂ, ನಾಳಿಂದ ಬರಂಗಿಲ್ರಿ. ಅವ್ವಗೂ ಹೇಳೀನಿ, ಇದು ನನ್ನ ತಲೀಗೆ ಹತ್ತೂದಲ್ಲ, ಮತ್ತ ಕಬ್ಬಿಗೇ ಹೋಗ್ತೀನಿ ಅಂತ."

ಅವನು ಅದನ್ನು ಸಾದಾ ದನಿಯಲ್ಲಿ ಹೇಳಿದ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಿಮಗ ಬರ್ತೈತಿ," ಎಂದಳು. "ಮೂರ ವಾರದ ಹಿಂದನ ಬಂದಿತ್ತು. ನಾನ ಸುಳ್ಳ ಹೇಳೀನಿ."

"ಯಾಕ್ರಿ?"

"ಪಾಸ್ ಆದ್ರ ನೀವ ಬರಂಗಿಲ್ಲಲ್ಲ. ಅದಕ್ಕ."

ಸಮ್ಮೇದ ತನ್ನ ಅಂಗೈ ನೋಡಿಕೊಂಡ.

"ನಾ ದಡ್ಡ ಅಂತ ತಿಳಕೊಂಡಿದ್ನಲ್ರಿ," ಎಂದ. "ಬ್ಯಾರೆ ಯಾರರ ಅಂದಿದ್ರ ನಂಬತಿದ್ದಿಲ್ಲ."

"ಶುಕ್ರವಾರ ಚಿಕ್ಕೋಡ್ಯಾಗ ಟೆಸ್ಟ್ ಐತಿ. ಈಗ ಬರೀತೀನಿ. ನನ್ನ ಮ್ಯಾಲಿನ ಸಿಟ್ಟಿಗೆ ಹೋಗದ ಕೂಡಬ್ಯಾಡ್ರಿ."

ಅವನು ಬೈಕು ಹತ್ತಿ ಹೊರಟುಹೋದ. ಬುಧವಾರ ಬರಲಿಲ್ಲ, ಗುರುವಾರವೂ ಇಲ್ಲ. ತೃಪ್ತಿ ಬೇರೆಯವರಿಗೆ ಕ್ಲಾಸು ತೆಗೆದುಕೊಂಡಳು, ಡಬ್ಬಿಯನ್ನು ಹಾಗೇ ಮನೆಗೆ ವಾಪಸ್ಸು ಒಯ್ದಳು. ಅವನನ್ನು ಕಳೆದುಕೊಂಡೆ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟಾದರೂ ಅವನು ಪಾಸಾದರೆ ಸಾಕು ಎಂದೂ ಹೇಳಿಕೊಂಡಳು. ಎರಡನೆಯದು ಅರ್ಧ ಸುಳ್ಳು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಮ್ಮೇದ ಬಂದ. ಆಫೀಸಿನ ಮೆಟ್ಟಿಲ ಕೆಳಗೇ ನಿಂತ.

"ಪಾಸ್ ಆದ್ನ್ರಿ. ಒಂದ ಏಟಿಗೆ."

"ಗೊತ್ತಿತ್ತು."

"ನಿಮಗ ಗೊತ್ತಿರತೈತಿ ಬಿಡ್ರಿ. ಸೋಮವಾರ ಮುಂಬೈ ಟ್ರಿಪ್ಪು. ಬುಧವಾರ ಹೊಳ್ಳಿ ಬರ್ತೀನಿ." ಅವನು ಒಂದು ಮೆಟ್ಟಿಲು ಹತ್ತಿದ. "ಸಿಟ್ಟ ಇನ್ನ ಇಳದಿಲ್ರಿ. ಬುಧವಾರತನಕ ಇರ್ತೈತಿ. ಗುರುವಾರ ಅವ್ವನ್ನ ಕರ್ಕೊಂಡ ನಿಮ್ಮ ಮನಿಗೆ ಬರ್ತೀನಿ, ಅಪ್ಪಾರಿಗೆ ಹೇಳಿಡ್ರಿ."

ಒಳಗೆ ಕುರ್ಚಿ ಕಿರ್ ಎಂದಿತು. ತೃಪ್ತಿಗೆ ಕಣ್ಣು ತುಂಬಿ ಬಂದಿತ್ತು, ಆದರೂ ಅವಳ ಬಾಯಿ ಸುಮ್ಮನಿರಲಿಲ್ಲ.

"ಬುಧವಾರತನಕ ಸಿಟ್ಟು ಭಾಳ ಆತಲ್ರಿ?"

"ನೀವ ನನ್ನ ದಡ್ಡನ್ನ ಮಾಡಿ ಕೂಡ್ರಿಸಿದ್ದು ಮೂರ ವಾರ," ಎಂದ ಸಮ್ಮೇದ. "ನಾ ಕೇಳಾಕತ್ತಿದ್ದು ಐದ ದಿವಸ."

ಅವಳು ಇನ್ನೇನೂ ಚೌಕಾಸಿ ಮಾಡಲಿಲ್ಲ.