ಖಾಲಿ ಚುಕ್ಕೆ ಇಲ್ಲದ ಗ್ರಾಫ್

ಯಾರ್ರೀ ಅದು, ಮುದುಕನಿಗೆ ಅರಳು ಮರಳು ಅಂತ ಗ್ರೂಪಲ್ಲಿ ಹಾಕಿದ್ದು? ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೀತೀನಿ, ಒಪ್ಕೋತೀನಿ. ಹೆಣ ಎಲ್ಲಿ ಬಿದ್ದಿತ್ತು ಅನ್ನೋದು ಮರೆಯಲ್ಲ. ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿದೀನಿ. ಬಾಯಿ ಮುಚ್ಕೊಂಡು ಕೇಳಿ.

ಸಂಜೆ ಆರು ಗಂಟೆ. ಹೈಸ್ಕೂಲಿನ ಕಂಪ್ಯೂಟರ್ ರೂಮು. ಗಣಿತದ ಮೇಡಂ ಬೋರಲು ಬಿದ್ದಿದ್ರು. ತಲೆ ಹಿಂದೆ ಏಟು. ಪಕ್ಕದಲ್ಲಿ ಬಾಗಿಲಿಗೆ ಅಡ್ಡ ಹಾಕೋ ಕಬ್ಬಿಣದ ಸಲಾಕೆ. ಇಪ್ಪತ್ತು ಕಂಪ್ಯೂಟರ್ ಸತ್ತಿದ್ವು, ಮೇಡಂದು ಒಂದೇ ಗುಂಯ್ ಅಂತಿತ್ತು. ಗ್ರಾಫ್ ಹಾಕೋ ಆನ್‌ಲೈನ್ ಕ್ಯಾಲ್ಕುಲೇಟರ್ ತೆರೆದೇ ಇತ್ತು.

ಹೆಣ ನೋಡಿದ್ದು ಬೀಗದಣ್ಣ. ಶಾಲೆಯ ಅಟೆಂಡರ್. ಸೊಂಟದಲ್ಲಿ ಯಾವಾಗ್ಲೂ ಬೀಗದಕೈ ಗೊಂಚಲು, ಅದಕ್ಕೇ ಆ ಹೆಸರು. ಆವತ್ತು ಆ ಗೊಂಚಲು ನಿಲ್ಲದೆ ಝಣ ಝಣ ಅಂತಿತ್ತು. ಅಷ್ಟು ನಡುಗ್ತಿದ್ದ.

ಸುದ್ದಿ ಕೇಳಿ ಕಂಪ್ಯೂಟರ್ ಮೇಷ್ಟ್ರು ಓಡಿ ಬಂದ್ರು. ಆಗ ತಾನೇ ಕೂದಲು ಕತ್ತರಿಸಿಕೊಂಡ ತಲೆ. "ಸಾರ್, ಮೇಡಂ ಖಾತೆಯ ಪಟ್ಟಿ ತೆಗೆದು ನೋಡಿ," ಅಂದ್ರು. ನೋಡಿದ್ವಿ. ಕೊನೇ ಗ್ರಾಫ್ ಉಳಿಸಿದ್ದು ಐದು ಹತ್ತಕ್ಕೆ.

ಅಂದ್ರೆ ಐದು ಹತ್ತರ ತನಕ ಮೇಡಂ ಬದುಕಿದ್ರು. ಮೇಷ್ಟ್ರು ನಾಲ್ಕೂವರೆಗೇ ಹೋಗಿದ್ರು, ಅವರೇ ಕೊನೆಯವರು. ಆಮೇಲೆ ಶಾಲೇಲಿ ಉಳಿದಿದ್ದು ಮೇಡಂ ಮತ್ತು ಬೀಗದಣ್ಣ ಇಬ್ಬರೇ. ಬೆಳಿಗ್ಗೆ ತಾನೇ ರೂಮಿಗೆ ಬೀಗ ಹಾಕ್ಲಿಲ್ಲ ಅಂತ ಮೇಡಂ ಎಲ್ಲರ ಮುಂದೆ ಅವನನ್ನ ಬೈದಿದ್ರು.

ಜೀಪ್ ಹತ್ತಿಸಿದ್ವಿ. ಅವನು ಅಳಲಿಲ್ಲ. "ಹೆಂಡತಿ ಹಾಸಿಗೆ ಹಿಡಿದವ್ಳೆ ಸಾರ್. ನಾನು ಹೋಗ್ಲಿಲ್ಲ ಅಂದ್ರೆ ನೀರು ಕೊಡೋರಿಲ್ಲ," ಅಂದ. ಅಷ್ಟೇ.

*

ಮಾರನೇ ದಿನ ಕ್ಷೌರದಂಗಡಿಗೆ ಹೋದೆ. ಐದು ಗಂಟೆಯಿಂದ ಐದೂವರೆ ತನಕ ಮೇಷ್ಟ್ರು ಅಲ್ಲೇ ಕೂತಿದ್ರಂತೆ. ಎಂಟು ಜನ ಸಾಕ್ಷಿ. ಕ್ಷೌರದವನಿಗೆ ಒಂದೇ ದೂರು: ಮೇಲೆ ಹೊದಿಸಿದ ಬಟ್ಟೆಯೊಳಗೆ ಕೈ ಸುಮ್ನೆ ಇರಲಿಲ್ಲ, ತುರಿಕೆ ಇರೋರು ಮೊದಲೇ ಹೇಳಬೇಕು. ನಾನು ನಕ್ಕು ಬಂದ್ಬಿಟ್ಟೆ. ಆ ನಗು ಇವತ್ತಿಗೂ ಚುಚ್ಚುತ್ತೆ.

ಮನೇಲಿ ನಮ್ಮಕ್ಕ ಇದ್ಲು. ಅವಳೂ ಗಣಿತದ ಮೇಡಮ್ಮೇ, ಆಗ ನಿವೃತ್ತಿ ಆಗಿತ್ತು. ಸತ್ತೋರು ಇವಳ ಹತ್ರಾನೇ ಕಲಿತೋರು. ಫೋನಲ್ಲಿ ಹಿಡಿದಿದ್ದ ಗ್ರಾಫ್ ತೋರಿಸಿದೆ. ಎರಡು ಅಡ್ಡ ಗೆರೆ, ಪಕ್ಕದಲ್ಲಿ ಅವುಗಳ ಸೂತ್ರ. ಎಕ್ಸ್ ಎರಡಾಗೋ ತನಕ ಒಂದು ಎತ್ತರ. ಅಲ್ಲಿಂದ ಮುಂದೆ ನೆಗೆದು ಇನ್ನೊಂದು.

ಅಕ್ಕ ಗ್ರಾಫನ್ನ ಬೆರಳಲ್ಲಿ ದೊಡ್ಡದು ಮಾಡಿ ನೋಡಿದ್ಲು. ಆಮೇಲೆ ಮೆಲ್ಲಗೆ ಹೇಳಿದ್ಲು. "ಲೋ, ಇದು ಅವಳು ಹಾಕಿದ್ದಲ್ಲ."

"ಅವಳ ಖಾತೇಲಿದೆಯಲ್ಲೇ."

"ಕಣ್ಣು ಬಿಟ್ಟು ನೋಡು. ಇದು ತುಂಡು ತುಂಡಾಗಿ ಬರೆಯೋ ಫಂಕ್ಷನ್. ಎರಡು ಅನ್ನೋ ಜಾಗ ಯಾವುದಾದ್ರೂ ಒಂದೇ ತುಂಡಿಗೆ ಸೇರಬೇಕು. ಸೇರಿದ ಕಡೆ ತುಂಬಿದ ಚುಕ್ಕೆ, ಸೇರದ ಕಡೆ ಖಾಲಿ ಚುಕ್ಕೆ. ಆ ಕ್ಯಾಲ್ಕುಲೇಟರ್ ತಾನಾಗಿ ಚುಕ್ಕೆ ಇಡಲ್ಲ ಕಣೋ, ನಾವೇ ಇಡಬೇಕು. ಅವಳು ಬಿಡೋಳಲ್ಲ. ಇವನ್ಯಾವನೋ ಎರಡನ್ನ ಎರಡೂ ಕಡೆ ಸೇರಿಸವ್ನೆ."

ಶಾಲೆಗೆ ಹೋಗಿ ಪಟ್ಟಿ ಪೂರ್ತಿ ತೆಗೆಸಿದೆ. ಹಿಂದಿನ ನಲವತ್ತಮೂರು ಗ್ರಾಫಲ್ಲೂ ಚುಕ್ಕೆ ಇತ್ತು. ಕೊನೇದರಲ್ಲಿ ಮಾತ್ರ ಇಲ್ಲ. ಐದು ಹತ್ತಕ್ಕೆ, ಆಗಲೇ ಸತ್ತೋಳ ಹೆಸರಲ್ಲಿ ಯಾರೋ ಕೂತು ಗೆರೆ ಎಳೀತಿದ್ದ. ಪಟ್ಟಿ ನೋಡಿ ಅಂದಿದ್ದು ಯಾರು ಅನ್ನೋದು ಆಗ ನೆನಪಾಯ್ತು.

*

ಸಂಜೆ ಮೇಷ್ಟ್ರನ್ನ ಅದೇ ರೂಮಿಗೆ ಕರೆಸಿದೆ. ನೆಲ ತೊಳೆದಿದ್ರೂ ಕಲೆ ಹೋಗಿರಲಿಲ್ಲ. ಅಕ್ಕ ಅವರ ಕುರ್ಚಿ ಹಿಂದೆ ನಿಂತ್ಲು. ನನ್ನಂಥ ದಡ್ಡನಿಗೆ ಅರ್ಥ ಆಗೋ ಹಾಗೆ ಎರಡು ತುಂಡಿನ ಗ್ರಾಫ್ ಒಂದು ಹಾಕಿ ತೋರಿಸಿ ಅಂದೆ. ಚಕಚಕ ಒತ್ತಿದ್ರು. ಎಕ್ಸ್ ಐದು ಅಥವಾ ಕಮ್ಮಿ ಇದ್ರೆ ನಾಲ್ಕರ ಎತ್ತರದಲ್ಲಿ ಒಂದು ಗೆರೆ. ಐದು ಅಥವಾ ಜಾಸ್ತಿ ಇದ್ರೆ ಏಳರ ಎತ್ತರದಲ್ಲಿ ಇನ್ನೊಂದು. ಚುಕ್ಕೆ ಇಲ್ಲ.

"ಐದರಲ್ಲಿ ಬೆಲೆ ಎಷ್ಟಪ್ಪಾ?" ಅಕ್ಕ ಕೇಳಿದ್ಲು.

"ನಾಲ್ಕು."

"ಏಳೂ ಇದೆಯಲ್ಲ."

ಮೇಷ್ಟ್ರ ಕೈ ಕೀಲಿಮಣೆ ಮೇಲೇ ನಿಂತ್ಬಿಡ್ತು. ನಾನು ಫೋನ್ ಕೊಡಿ ಅಂದೆ. ಮೇಡಂ ಖಾತೆ ಅದರಲ್ಲಿ ಇನ್ನೂ ತೆರೆದೇ ಇತ್ತು.

ಕತೆ ಇಷ್ಟೇ. ಇವನು ತನ್ನ ಭಾಮೈದನ ಪರೀಕ್ಷೆ ಅಂಕ ಕಂಪ್ಯೂಟರಲ್ಲಿ ತಿದ್ದಿದ್ದ. ಮೇಡಂ ಕಂಡುಹಿಡಿದ್ರು. ನಾಳೆ ಬೆಳಿಗ್ಗೆ ಹೆಡ್‌ಮಾಸ್ಟರಿಗೆ ಹೇಳ್ತೀನಿ ಅಂದ್ರು. ನಾಲ್ಕು ಇಪ್ಪತ್ತಕ್ಕೆ ಸಲಾಕೆ ಬೀಸಿದ. ಮೇಡಂಗೆ ಖಾತೆ ಮಾಡಿಕೊಟ್ಟೋನು ಅವನೇ, ಪಾಸ್‌ವರ್ಡ್ ಗೊತ್ತಿತ್ತು. ಆನ್‌ಲೈನ್ ಅಲ್ವಾ, ಎಲ್ಲಿಂದ ಬೇಕಾದ್ರೂ ತೆಗೀಬಹುದು. ಎಂಟು ಜನರ ಮುಂದೆ, ಕ್ಷೌರದ ಬಟ್ಟೆಯೊಳಗೆ ಫೋನ್ ಒತ್ತಿ, ಸತ್ತೋಳನ್ನ ಐವತ್ತು ನಿಮಿಷ ಬದುಕಿಸಿಟ್ಟ. ಕಂಪ್ಯೂಟರ್ ಬರ್ತಿತ್ತು, ಗಣಿತ ಬರ್ತಿರಲಿಲ್ಲ.

ಅವತ್ತೇ ಬೀಗದಣ್ಣನ್ನ ಬಿಟ್ಟೆ. ಮನೆ ತನಕ ನಾನೇ ಕರ್ಕೊಂಡು ಹೋದೆ. ಪಕ್ಕದ ಮನೆಯವಳು ಬಾಗಿಲು ಹಾಕ್ಕೊಂಡ್ಲು. ಹಿಂದಿನ ರಾತ್ರಿಯಿಂದ ಹಾಗೇ ಹಾಕ್ಕೊಂಡಿದ್ಲಂತೆ. ಒಳಗೆ ಅವನ ಹೆಂಡತಿ ಒಣಗಿದ ತುಟಿ ನೆಕ್ಕುತ್ತಾ ಮಲಗಿದ್ಲು. ಬದುಕಿದ್ಲು, ಪುಣ್ಯ.

ಇವತ್ತಿಗೂ ಆ ಬೀದೀಲಿ ಕೆಲವರು ಅವನನ್ನ ಕೊಲೆಗಾರ ಅಂತಾರೆ. ಅರೆಸ್ಟ್ ಆಗಿದ್ದು ಎಲ್ಲರಿಗೂ ಗೊತ್ತು, ಬಿಟ್ಟಿದ್ದು ಯಾರಿಗೂ ಗೊತ್ತಿಲ್ಲ. ಜೀಪ್ ಹತ್ತಿಸಿದ ಕೈ ನಂದೇ. ಅದಕ್ಕೇ ಹೇಳ್ತಿರೋದು. ಈ ವಾಯ್ಸ್ ನೋಟ್ ನಿಮ್ಮಲ್ಲೇ ಇಟ್ಕೋಬೇಡಿ, ನಾಲ್ಕು ಜನಕ್ಕೆ ಕಳಿಸಿ. ಮೊದಲು ಆ ಪಕ್ಕದ ಮನೆಯವಳಿಗೆ ಕಳಿಸಿ.