ಮೂರನೇ ಪರದೆ

ಕೇಶರಬಾಯಿಯ ಹೆಣ ಠಾಣಾ ಕುಶನೂರಿನ ಆಚೆ, ಬತ್ತಿದ ಬಾವಿಯೊಂದರಲ್ಲಿ ಸಿಕ್ಕಿತು. ಆಕೆ ಅಡಗಿದ್ದ ಭಾಲ್ಕಿಯ ಸಾರಮ್ಮನ ಮನೆಯ ಬಾಗಿಲು ಹಿಂದಿನ ದಿನವೇ ಮುರಿದಿತ್ತು. ತಡೆಯಹೋದ ಸಾರಮ್ಮ ತಲೆ ಒಡೆಸಿಕೊಂಡು ಆಸ್ಪತ್ರೆ ಸೇರಿದ್ದಳು.

ಕೊಂದವನು ಯಾರೆಂಬುದು ಗುಟ್ಟಾಗಿರಲಿಲ್ಲ — ಕಬ್ಬು ಕಡಿಯಲು ಕೂಲಿಗಳನ್ನು ಒಯ್ಯುವ ಮುಕಾದಮ ಪಂಢರಿ. ಬರ ಬಿದ್ದ ಎರಡನೇ ವರ್ಷ ಔರಾದ ಕಡೆಯ ಎಷ್ಟೋ ಊರುಗಳು ಅಂಥವರ ಲಾರಿ ಹತ್ತಿದ್ದವು. ಅವನ ಅನಾಚಾರವನ್ನು ಕೋರ್ಟಿನಲ್ಲಿ ಹೇಳುತ್ತೇನೆಂದು ಓಡಿಬಂದವಳು ಕೇಶರಬಾಯಿ ಒಬ್ಬಳೇ. ಈಗ ಅವಳ ಬಾಯಿ ಮುಚ್ಚಿಸಿ ಪಂಢರಿ ತಲೆಮರೆಸಿಕೊಂಡಿದ್ದ. ಆದರೆ ಅವಳಿರುವ ಜಾಗ ಅವನಿಗೆ ಹೇಳಿದವರು ಯಾರು?

ಬರದ ಊರುಗಳಿಗೆ ನೀರಿನ ಟ್ಯಾಂಕರ್ ಕಳಿಸುವ, ಇಂಥ ಹೆಂಗಸರಿಗೆ ಆಸರೆ ಹುಡುಕಿಕೊಡುವ ಕಚೇರಿ ಬೀದರಿನ ಮೈಲೂರಿನಲ್ಲಿತ್ತು. ಸಾರಮ್ಮನನ್ನು ಬಿಟ್ಟರೆ ಕೇಶರಬಾಯಿ ಅಡಗಿದ್ದ ವಿಳಾಸ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಆನಂದಮ್ಮ. ಇನ್ನೊಬ್ಬ ಜೀಪಿನಲ್ಲಿ ಕೇಶರಬಾಯಿಯನ್ನು ಬಿಟ್ಟುಬಂದ ಚಾಂದ ಪಾಶಾ. ಸುದ್ದಿ ಬಂದಾಗ ಯಾರೂ ಕೇಳುವ ಮೊದಲೇ ‘ನಾ ಯಾರಿಗೂ ಹೇಳಿಲ್ಲ’ ಎಂದು ಅವನು ಅತ್ತುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂದುಕೊಂಡಳು ಆನಂದಮ್ಮ. ಪೊಲೀಸರ ಮುಂದೆ ಅವನ ಹೆಸರು ಹೇಳಿದವಳು ಅವಳೇ.

ಚಾಂದ ಪಾಶಾ ಲಾಕಪ್ಪಿಗೆ ಹೋದ. ಅವನ ಹೆಂಡತಿ ಬಿಸ್ಮಿಲ್ಲಾಬೀ ಕಚೇರಿಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಆನಂದಮ್ಮ ಆ ಕಡೆ ನೋಡಲೂ ಇಲ್ಲ. ಅಷ್ಟು ಸಿಟ್ಟಿತ್ತು ಅವಳಿಗೆ, ಅಷ್ಟೇ ದುಃಖವೂ ಇತ್ತು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಗೋರಖನಾಥ ಹೆಚ್ಚು ಮಾತಿನವನಲ್ಲ. ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತು ಕೇಳಿದ.

“ಅಕ್ಕೋರ, ನೋಂದಣಿಯೊಳಗ ಕೇಶರಬಾಯಿ ಹೆಸರೇ ಇಲ್ಲಲ್ರಿ?”

“ಚಾಂದ ಪಾಶಾ ಯಾರ ಕಡಿಂದರ ಅಳಿಸಿರಬೇಕ್ರಿ.”

“ಅಳಿಸಿದ್ರ ನಂಬರ್ ಖಾಲಿ ಬೀಳ್ತದ್ರಿ. ಇಲ್ಲಿ ನಂಬರ್ ಸಾಲಾಗಿ ಅವ. ಅಂದ್ರ ಅಳಿಸಿದ್ದಲ್ಲ — ಇಲ್ಲಿ ಬರದೇ ಇಲ್ಲ.”

“ಬರದೀನ್ರಿ ಸಾಹೇಬ್ರ. ಆಕಿ ಎದುರಿಗೇ ಕುಂತಿದ್ಳು.”

“ಹ್ಯಾಂಗ ಬರೀತೀರಿ, ತೋರಸ್ರಿ.”

ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಅದು. ಡಬ್ಬ ಒಂದೇ ಆದರೂ ಒಳಗೆ ಬೇರೆಬೇರೆ ಪರದೆಗಳು. ಮೊದಲನೆಯದರಲ್ಲಿ ನೋಂದಣಿ, ಎರಡನೆಯದರಲ್ಲಿ ನೀರಿನ ಟ್ಯಾಂಕರಿನ ಲೆಕ್ಕ, ಮೂರನೆಯದರಲ್ಲಿ ಮೇಲ್. ಒಂದು ಗುಂಡಿ ಒತ್ತಿದರೆ ಇಲ್ಲಿಂದ ಅಲ್ಲಿಗೆ.

“ಪರದಿ ಮುಖ್ಯ ಅಲ್ರಿ,” ಎಂದಳು ಆನಂದಮ್ಮ. “ಓಡಿಬಂದ ಹೆಣ್ಣುಮಕ್ಕಳು ನಾವು ಪರದಿ ನೋಡ್ಕೋತ ಕುಂತ್ರ ಬಾಯಿ ಬಿಡಂಗಿಲ್ರಿ. ನಾ ಅವರ ಮಾರಿ ನೋಡ್ಕೋತನೇ ಟೈಪ್ ಮಾಡ್ತೇನಿ. ಕೈಗೆ ರೂಢಿ ಅದ.”

ಗೋರಖನಾಥ ಮೂರನೇ ಪರದೆ ತೆರೆಯುವಂತೆ ಬೆರಳು ತೋರಿದ.

“ಮೇಲ್‌ನ್ಯಾಗ ಯಾವುದರ ಒಂದು ಉತ್ತರ ಅರ್ಧ ಬರದು ಬಿಡ್ರಿ. ಆಮ್ಯಾಗ ನೋಂದಣಿಗೆ ಬರ್ರಿ. ನನ್ನ ಮಾರಿ ನೋಡ್ರಿ. ನನ್ನ ವಿಳಾಸ ಬರ್ಕೋರಿ.”

ಅವನು ಎದುರಿನ ಕುರ್ಚಿಯಲ್ಲಿ ಕುಳಿತ. ಕೇಶರಬಾಯಿ ಕುಳಿತಿದ್ದ ಕುರ್ಚಿ. ಆನಂದಮ್ಮನ ಕಣ್ಣು ಅವನ ಮುಖದ ಮೇಲೆ, ಬೆರಳು ಕೀಲಿಮಣೆಯ ಮೇಲೆ. ಅವನು ಕೈಯಲ್ಲಿದ್ದ ಫೋನನ್ನು ಒಮ್ಮೆ ಒತ್ತಿ, ತನ್ನ ಮನೆ ವಿಳಾಸ ಹೇಳತೊಡಗಿದ.

“ಆತೇನ್ರಿ? ಈಗ ಪರದಿ ನೋಡ್ರಿ.”

ಆನಂದಮ್ಮ ತಿರುಗಿದಳು. ಎದುರಿಗಿದ್ದದ್ದು ನೋಂದಣಿಯಲ್ಲ. ಮೂರನೇ ಪರದೆ ತಾನಾಗಿಯೇ ಮುಂದೆ ಬಂದಿತ್ತು. ಅರ್ಧ ಬರೆದ ಉತ್ತರದ ಬಾಲಕ್ಕೆ ಗೋರಖನಾಥನ ಮನೆ ವಿಳಾಸ ಅಂಟಿಕೊಂಡಿತ್ತು.

“ನಾ ಒಂದು ಮೇಲ್ ಕಳಿಸ್ದೆ. ಅದು ಬಂದು ನಿಮ್ಮ ಕೈಯಾಗಿನ ಕೆಲಸ ಕಸ್ಕೊಂಡ್ತು. ಯಾಕ ಹಿಂಗ ಇಟ್ಟೀರಿ?”

“ಒಮ್ಮಿ ಟ್ಯಾಂಕರಿನ ಮೇಲ್ ನೋಡೋದು ತಡ ಆಗಿತ್ರಿ. ಒಂದು ತಾಂಡಾಕ್ಕ ಎರಡು ದಿನ ನೀರು ಹೋಗ್ಲಿಲ್ಲ. ಎಲ್ಲಿದ್ರೂ ಎದುರಿಗೆ ಬರ್ಲಿ ಅಂತ ನಾನೇ...”

“ನೋಂದಣಿ ಉಳಿಸ್ಲಿಕ್ಕ ಯಾವ ಗುಂಡಿ ಒತ್ತತೀರಿ?”

“ಕಂಟ್ರೋಲ್, ಎಂಟರ್.”

“ಮೇಲ್ ಕಳಿಸ್ಲಿಕ್ಕ?”

ಆನಂದಮ್ಮ ಕೀಲಿಮಣೆಯಿಂದ ಕೈ ತೆಗೆದಳು. ಅದೇ ಎರಡು ಗುಂಡಿ.

“ಅವತ್ತೂ ಹಿಂಗ ಯಾವುದರ ಮೇಲ್ ಬಂದಿರಬೇಕು; ಆ ಪರದಿ ಎದುರಿಗೆ ಬರೋದು ನಿಮಗ ರೂಢಿ. ಉಳಿಸಿದ ಮ್ಯಾಲ ನೋಂದಣಿ ಹಾಳಿ ಖಾಲಿ ಆಗ್ತದ. ಬರೀದೇ ಇದ್ರೂ ಖಾಲಿನೇ ಇರ್ತದ. ಅದಕ್ಕ ನಿಮಗ ಸಂಶಯ ಬರ್ಲಿಲ್ಲ. ಅವತ್ತು ಅರ್ಧ ಬರದಿದ್ದ ಉತ್ತರ ಯಾರಿಗಿತ್ರಿ, ಅಕ್ಕೋರ?”

ಅವಳಿಗೆ ನೆನಪಿತ್ತು. ಕೇಶರಬಾಯಿ ಓಡಿಬಂದಾಗಿನಿಂದ ಪಂಢರಿಯ ವಕೀಲ, ಅವಳೆಲ್ಲಿ ಎಂದು ಮೇಲಿಂದ ಮೇಲೆ ಮೇಲ್ ಹಾಕಿ ಕೇಳುತ್ತಿದ್ದ. ಉತ್ತರ ಬರೆಯುತ್ತಿರುವಾಗಲೇ ಕೇಶರಬಾಯಿ ಒಳಗೆ ಬಂದಿದ್ದಳು. ‘ಬಾರವ್ವ, ಕೂಡು’ ಎಂದು ಆನಂದಮ್ಮ ಉತ್ತರವನ್ನು ಅಲ್ಲಿಗೇ ಬಿಟ್ಟು ನೋಂದಣಿ ತೆರೆದಿದ್ದಳು. ಆಮೇಲೆ ಆ ವಕೀಲ ಮತ್ತೆ ಕೇಳಲೇ ಇಲ್ಲ. ಪೀಡೆ ತೊಲಗಿತೆಂದು ಅವಳೂ ಮರೆತಿದ್ದಳು.

ಕಳಿಸಿದ ಮೇಲ್‌ಗಳನ್ನು ತೆರೆದಳು. ಅದು ಅಲ್ಲಿತ್ತು.

‘ಕೇಶರಬಾಯಿ ಎಲ್ಲಿದ್ದಾಳೆಂದು ಯಾವ ಕಾರಣಕ್ಕೂ ತಿಳಿಸಲಾಗದು. ಕೇಶರಬಾಯಿ, ಭಾಲ್ಕಿ, ಚರ್ಚಿನ ಹಿಂದೆ, ಸಾರಮ್ಮನ ಮನೆ.’

“ಕೊಂದಾಂವ ಪಂಢರಿ,” ಎಂದ ಗೋರಖನಾಥ ಮೆತ್ತಗೆ. “ವಕೀಲನ್ನ ಹಿಡದ್ರ ಅಂವನೂ ಸಿಗ್ತಾನ. ಆದ್ರ ದಾರಿ ತೋರಿಸ್ದೋರು ನೀವ್ರಿ. ಬೇಕಂತ ಅಲ್ಲ.”

ಬೇಕಂತ ಅಲ್ಲ ಎಂಬ ಮಾತಿನಿಂದ ಬಾವಿಯಲ್ಲಿದ್ದವಳು ಎದ್ದು ಬರುವುದಿಲ್ಲ. ಮೇಲ್ ತನ್ನ ಪರದೆ ಬಿಟ್ಟು ಕದಲದಂತೆ ಆನಂದಮ್ಮ ಸೆಟ್ಟಿಂಗ್ ಬದಲಿಸಿದಳು. ಒಂದು ಗುರುತು ತೆಗೆಯುವಷ್ಟೇ ಕೆಲಸ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎದುರಿನ ಕುರ್ಚಿಯನ್ನು ನೋಡಲಾಗದೆ ಎದ್ದಳು.

ಹೊರಗೆ ಬಿಸ್ಮಿಲ್ಲಾಬೀ ಇನ್ನೂ ಮೆಟ್ಟಿಲ ಮೇಲೇ ಇದ್ದಳು. ಆನಂದಮ್ಮ ಅವಳ ಪಕ್ಕದಲ್ಲಿ ಕುಳಿತು, ಅಂದು ಕೇಶರಬಾಯಿಯನ್ನು ನೋಡಿದಂತೆ ಮುಖವನ್ನೇ ನೋಡುತ್ತ ಹೇಳಿದಳು.

“ನಿನ್ನ ಗಂಡ ಹೇಳಿಲ್ಲವ್ವಾ. ಹೇಳ್ದಾಕಿ ನಾನು.”