ಕಣ್ಣು ಬರೆದ ಮಿಂಚುಳ್ಳಿ

ಭದ್ರಾವತಿಯ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವನು ನಾನು. ದೆವ್ವಗಿವ್ವ ಎನ್ನುವವರನ್ನು ಕಂಡರೆ ನನಗೆ ತಾತ್ಸಾರ. ನನ್ನ ಐವತ್ತೆಂಟನೇ ವಯಸ್ಸಿನಲ್ಲಿ, ಥೇಟ್ ಜೀವಂತ ಕಾಣುವ ಮಿಂಚುಳ್ಳಿಯನ್ನು ಕೆತ್ತಲೆಂದು ಮರದ ತುಂಡಿನ ಮೇಲೆ ಅಳತೆ ಹಿಡಿದು ಕೊಕ್ಕು, ರೆಕ್ಕೆ ಗುರುತು ಹಾಕಿದೆ. ವಿಗ್ರಹ ಕೆತ್ತುವ ಪಕ್ಕದ ಮನೆಯ ವೆಂಕಟಾಚಲ ಇಣುಕಿ ನೋಡಿದ.

"ಕಣ್ಣು ಈಗ್ಲೇ ಬರೀಬೇಡ ಮಾರಾಯ. ಕೆತ್ತಿ ಮುಗಿದ್ಮೇಲೇ ಕಣ್ಣು ತೆರೆಸ್ಬೇಕು."

"ಅದನ್ನ ನಿನ್ನ ದೇವರಿಗೆ ಹೇಳು. ಇದು ಹಕ್ಕಿ," ಎಂದು ಅವನೆದುರೇ ಪೆನ್ಸಿಲಿನಲ್ಲಿ ಕಣ್ಣು ಬರೆದೆ. ಆ ಪುಕ್ಕಲ ಎದ್ದು ಹೋದ.

ಉಳಿ ಹಚ್ಚಲು ಪುರಸೊತ್ತಾಗದೆ ತುಂಡನ್ನು ಗೋಡೆಯ ಗೂಡಿನಲ್ಲಿಟ್ಟೆ. ಮರುದಿನದಿಂದ ಅದು ಮುಟ್ಟಿದರೆ ತಣ್ಣಗೆ, ಒದ್ದೆ. ಹಸಿ ಮರ ಮಾರಿದ ಅಯೋಗ್ಯನನ್ನು ಬೈದೆ.

ನಮ್ಮದು ಲಿಂಗವಂತರ ಮನೆ. ಮೀನು ಹೊಸ್ತಿಲು ದಾಟಿದ್ದಿಲ್ಲ. ಇವತ್ತಿಗೂ ಉಳಿ ತಾಗದ ಆ ತುಂಡಿನ ಕೆಳಗೆ, ನನ್ನ ಹೆಂಡತಿ ಕಲ್ಲಮ್ಮ ದಿನಾ ಬೆಳಗ್ಗೆ ಮೀನಿನ ಮುಳ್ಳು ಗುಡಿಸುತ್ತಾಳೆ.